ಅಪ್ಪನ ಐಸ್‌ಕ್ರೀಂ, ಬ್ರೂನೋ ಪಾಲಿನ ವಿಷ

ಅಮೆರಿಕದ ಡಲ್ಲಾಸ್‌ನಲ್ಲಿ ಜುಲೈ ಎಂದರೆ ಉಷ್ಣಾಂಶ 100 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲಿರುವ ಕಾಲ. ಹಾಸನದಿಂದ ನಮ್ಮಲ್ಲಿಗೆ ಬಂದಿದ್ದ ಅಪ್ಪನಿಗೆ ಸಕ್ಕರೆ ಕಾಯಿಲೆ. ಅವರಿಗೆಂದೇ ‘ಶುಗರ್ ಫ್ರೀ’ ಐಸ್‌ಕ್ರೀಂ ತಂದಿಟ್ಟಿದ್ದೆ. ಒಂದು ಮಧ್ಯಾಹ್ನ ಅವರು ಬಟ್ಟಲು ಹಿಡಿದು ಕುಳಿತಾಗ ನಮ್ಮ ನಾಯಿ ಬ್ರೂನೋ ಎದುರು ಬಂದು ಬಾಲ ಅಲ್ಲಾಡಿಸಿತು. ಊರಿನಲ್ಲಿ ನಾಯಿಗೊಂದು ತುತ್ತು ಎತ್ತಿಡದೆ ಅಪ್ಪ ಎಂದೂ ಕೈ ತೊಳೆದವರಲ್ಲ. ಅರ್ಧ ಬಟ್ಟಲು ಬ್ರೂನೋ ಪಾಲಾಯಿತು.

ಅರ್ಧ ಗಂಟೆಯೊಳಗೆ ಬ್ರೂನೋ ವಾಂತಿ ಮಾಡಿ ತೂರಾಡತೊಡಗಿತು. ಡಬ್ಬಿಯನ್ನು ತಿರುಗಿಸಿ ಓದಿದೆ: ಕ್ಸೈಲಿಟಾಲ್.

ಮನುಷ್ಯರಿಗೆ ನಿರಪಾಯಕಾರಿ ಎನಿಸಿದ ಈ ಸಿಹಿಕಾರಕ ನಾಯಿಗಳಿಗೆ ವಿಷ. ಅದು ರಕ್ತಕ್ಕೆ ಸೇರಿದೊಡನೆ ನಾಯಿಯ ಮೇದೋಜೀರಕ ಗ್ರಂಥಿ ಒಮ್ಮೆಗೇ ಇನ್ಸುಲಿನ್ ಸುರಿಸುತ್ತದೆ; 10ರಿಂದ 60 ನಿಮಿಷಗಳಲ್ಲಿ ರಕ್ತದ ಸಕ್ಕರೆ ಅಂಶ ಪಾತಾಳಕ್ಕಿಳಿಯಬಹುದು. ಕೆಲವು ನಾಯಿಗಳ ಯಕೃತ್ತೂ ಹಾಳಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಈ ಬಗ್ಗೆ ಎಚ್ಚರಿಸಿದೆ. ಪಟ್ಟಿಯಲ್ಲಿ ಇದು ‘ಬರ್ಚ್ ಶುಗರ್’ ಎಂಬ ಹೆಸರಿನಲ್ಲೂ ಅಡಗಿರಬಹುದು.

ಡಬ್ಬಿಯ ಸಮೇತ ತುರ್ತು ಪಶುಚಿಕಿತ್ಸಾಲಯಕ್ಕೆ ಧಾವಿಸಿದೆವು. ರಾತ್ರಿಯಿಡೀ ಗ್ಲೂಕೋಸ್ ಡ್ರಿಪ್ ಹಾಕಿ, ಮತ್ತೆ ಮತ್ತೆ ರಕ್ತ ಪರೀಕ್ಷಿಸಿದರು. ಹೊರಗೆ ಕುಳಿತ ಅಪ್ಪ ಒಂದೇ ಮಾತನ್ನಾಡಿದರು: “ನನಗೆ ಒಳ್ಳೇದು ಅಂತ ತಂದದ್ದು ಅದಕ್ಕೆ ವಿಷ ಆಯ್ತಲ್ಲ ಮಗಾ.” ತಪ್ಪು ಅವರದಾಗಿರಲಿಲ್ಲ; ಹೇಳದೆ ಬಿಟ್ಟವನು ನಾನು.

ಹಾಗಾದರೆ ಸಾಮಾನ್ಯ ಐಸ್‌ಕ್ರೀಂ ಕೊಡಬಹುದೇ? ಆರೋಗ್ಯವಂತ ನಾಯಿ ಒಂದು ಚಮಚ ಸಾದಾ ವೆನಿಲ್ಲಾ ನೆಕ್ಕಿದರೆ ಗಾಬರಿಪಡಬೇಕಿಲ್ಲ. ಆದರೆ ಬೆಳೆದ ಅನೇಕ ನಾಯಿಗಳಿಗೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದು. ಭೇದಿ, ಹೊಟ್ಟೆಯುಬ್ಬರ ಕಾಡುತ್ತವೆ. ಅತಿಯಾದ ಕೊಬ್ಬು ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ದಾರಿಯಾಗಬಹುದು. ಚಾಕೊಲೇಟ್ ಹೃದಯಕ್ಕೂ ನರಗಳಿಗೂ ಅಪಾಯ. ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಮಾರಕ. ಮಕಡೇಮಿಯಾ ಬೀಜ ತಿಂದರೆ ಹಿಂಗಾಲು ಸೋಲುತ್ತದೆ. ಬಾಳೆಹಣ್ಣಿನ ಚೂರನ್ನೋ ಬೀಜ ತೆಗೆದ ಕಲ್ಲಂಗಡಿಯನ್ನೋ ಫ್ರೀಜರ್‌ನಲ್ಲಿಟ್ಟು ಕೊಡುವುದು ಲೇಸು.

ಮಕ್ಕಳ ಮನೆಗೆ ಬರುವ ಹಿರಿಯರಲ್ಲಿ ನನ್ನದೊಂದು ವಿನಂತಿ: ನಾಯಿಗೆ ಏನನ್ನಾದರೂ ಕೊಡುವ ಮುನ್ನ ಒಮ್ಮೆ ಕೇಳಿ. ಅಕಸ್ಮಾತ್ ಕೊಟ್ಟಿದ್ದರೆ ಸಂಕೋಚಪಡದೆ ಕೂಡಲೇ ತಿಳಿಸಿ. ವೈದ್ಯರು ಹೇಳದೆ ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ.

ಮೂರನೆಯ ದಿನ ಬ್ರೂನೋ ಮನೆಗೆ ಮರಳಿತು. ಅಪ್ಪ ಈಗಲೂ ಅದಕ್ಕೊಂದು ಪಾಲು ಎತ್ತಿಡುತ್ತಾರೆ. ಆದರೆ ಮೊದಲು ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂಬದಿಯನ್ನು ಓದುತ್ತಾರೆ.