ಗೋಡೆಯ ಮೇಲಿನ ಬಂದೂಕು, ನಳಿಗೆಯೊಳಗಿನ ಉಪ್ಪು

ಸುರಪುರ, ಶಹಾಪುರದ ಕಡೆಯ ಕೆಲವು ಹಳೆಯ ಮನೆತನಗಳಲ್ಲಿ ಮಹಾನವಮಿಯ ಖಂಡೇಪೂಜೆಗೆ ಕುಡುಗೋಲು, ಕೊಡಲಿ, ಕತ್ತಿಗಳ ಸಾಲಿನಲ್ಲಿ ಒಂದು ಬಂದೂಕೂ ಬಂದು ಕೂರುವುದುಂಟು. ವರ್ಷಕ್ಕೊಮ್ಮೆ ಗೋಡೆಯಿಂದ ಇಳಿದು, ವಿಭೂತಿ ಕುಂಕುಮ ಹಚ್ಚಿಸಿಕೊಂಡು, ನಿಂಬೆಹಣ್ಣಿನ ರಸ ಮೈಮೇಲೆ ಬೀಳಿಸಿಕೊಂಡು ಮತ್ತೆ ಗೋಡೆ ಏರುತ್ತದೆ. ಮರುವರ್ಷ ಇಳಿಸಿದಾಗ ನೋಡಬೇಕು, ಕುಂಕುಮವಿದ್ದ ಜಾಗದಲ್ಲೇ ತುಕ್ಕು. “ಎಣ್ಣಿ ಹಚ್ಚೇ ಇಟ್ಟಿದ್ವಿ ಸರ್, ಆದ್ರೂ ಯಾಕ ಜಂಗು ಹಿಡೀತು?” ಎಂಬುದು ತುಕ್ಕಿನ ಪಾಠ ಮಾಡುವಾಗ ನಮ್ಮ ಭಾಗದ ಮೇಷ್ಟರು ಎದುರಿಸಲೇಬೇಕಾದ ಪ್ರಶ್ನೆ.

ಪ್ರಶ್ನೆಗೆ ಉತ್ತರ ಹೇಳುವ ಮೊದಲು ಈ ವಸ್ತು ನಮ್ಮ ಮನೆಗಳಿಗೆ ಬಂದದ್ದು ಹೇಗೆ ಎಂಬುದನ್ನು ತುಸು ನೋಡೋಣ. ಔರಂಗಜೇಬ ತನ್ನ ಇಳಿವಯಸ್ಸಿನಲ್ಲಿ ತಾನೇ ಮುಂದೆ ನಿಂತು ಮುತ್ತಿಗೆ ಹಾಕಿದ ಕೊನೆಯ ಕೋಟೆ ಸುರಪುರದ ಬಳಿಯ ವಾಗಣಗೇರಾ. 1705ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಆ ದೊಡ್ಡ ಸೈನ್ಯವನ್ನು ತಡೆದು ನಿಲ್ಲಿಸಿದ್ದು ಪಿಡ್ಡನಾಯಕನ ಬೇಡರ ಪಡೆ. ಬೇಡರ ಬಂದೂಕಿನ ಗುರಿ ದಖ್ಖನ್ನಿನಲ್ಲೆಲ್ಲ ಹೆಸರಾಗಿತ್ತು. ಅದು ಜಾಮಗಿ ಬಂದೂಕಿನ ಕಾಲ. ಉದ್ದನೆಯ ನಳಿಗೆ, ಹೊತ್ತಿಸಿದ ಬತ್ತಿಯಿಂದ ಮದ್ದಿಗೆ ಕಿಡಿ. ಮುಂದೆ 1858ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪನಾಯಕನ ಜನ ಬ್ರಿಟಿಷರ ಶಿಬಿರದ ಮೇಲೆ ಬಿದ್ದರು. ಅಷ್ಟು ಹೊತ್ತಿಗೆ ಜಗತ್ತಿನ ಬಂದೂಕು ಬೇರೆಯೇ ಆಗಿತ್ತು.

ಬದಲಾದದ್ದು ನಳಿಗೆಯ ಒಳಗೋಡೆ. 1853ರ ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯೊಳಗೆ ಮೂರು ಗೆರೆಗಳನ್ನು ಸುರುಳಿಯಾಗಿ ಕೊರೆಯಲಾಗಿತ್ತು. ನಳಿಗೆಯ ಉದ್ದ 39 ಅಂಗುಲ, ಸುರುಳಿ ಒಂದು ಪೂರ್ತಿ ಸುತ್ತು ಹಾಕಲು ಬೇಕಾದ ದೂರ 78 ಅಂಗುಲ. ಅಂದರೆ ಹೊರಬೀಳುವಷ್ಟರಲ್ಲಿ ಗುಂಡು ಅರ್ಧ ಸುತ್ತು ತಿರುಗಿರುತ್ತದೆ. ಅಷ್ಟೇ ಸಾಕು! ತಿರುಗುವ ಬುಗುರಿ ಬೀಳದೆ ನಿಲ್ಲುತ್ತದಲ್ಲ, ಹಾಗೆಯೇ ತಿರುಗುವ ಗುಂಡು ಗಾಳಿಯಲ್ಲಿ ಅಡ್ಡತಿಡ್ಡ ಹೊರಳದೆ ಮೂತಿ ಮುಂದಾಗಿಯೇ ಸಾಗುತ್ತದೆ. ಇದೇ ರೈಫಲ್ಲಿನ ಕೊಬ್ಬು ಸವರಿದ ಕಾಡತೂಸಿನಿಂದ 1857ರ ಕಿಡಿ ಹೊತ್ತಿದ ಕಥೆ ನೀವು ಇತಿಹಾಸದಲ್ಲಿ ಓದಿದ್ದೀರಿ. ಅದರ ನಂತರ ನಡೆದದ್ದು ಪಠ್ಯದಲ್ಲಿ ಇರುವುದಿಲ್ಲ. ದಂಗೆಯ ಬಳಿಕ ಸರಕಾರ ನಮ್ಮ ಸಿಪಾಯಿಗಳ ಕೈಗೆ ಕೊಟ್ಟದ್ದು ನೋಡಲು ಎನ್‌ಫೀಲ್ಡಿನಂತೆಯೇ ಇದ್ದ, ಆದರೆ ಒಳಗೆ ಸುರುಳಿಗೆರೆಯೇ ಇಲ್ಲದ ನುಣುಪು ನಳಿಗೆಯ ಬಂದೂಕು. ಬಂದೂಕು ಕೊಟ್ಟರು, ಗುರಿಯನ್ನು ಕಿತ್ತುಕೊಂಡರು.

ಅದೇ ವಂಶದ ಮುಂದಿನ ಕುಡಿ ‘ತ್ರೀ ನಾಟ್ ತ್ರೀ’, ಅಂದರೆ .303 ಲೀ-ಎನ್‌ಫೀಲ್ಡ್. ಎರಡು ಮಹಾಯುದ್ಧ ಕಂಡ ಈ ರೈಫಲ್ಲನ್ನು ಬಂಗಾಳದ ಈಶಾಪುರದ ಕಾರ್ಖಾನೆಯಲ್ಲೂ ತಯಾರಿಸಿದರು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರಲ್ಲಿ. .303 ನಿಷೇಧಿತ ವರ್ಗದ ಆಯುಧ, ಸಾಮಾನ್ಯ ಪರವಾನಗಿಗೆ ಸಿಗುವಂಥದ್ದಲ್ಲ. ನಾಗರಿಕರಿಗೆ ಸಿಕ್ಕದ್ದು ಅದರ ತಮ್ಮನಂತಿರುವ .315 ರೈಫಲ್. ಹಿಂದು ಮುಂದು ಸರಿಯುವ ಬೋಲ್ಟು ಅದೇ, ಕಾಡತೂಸು ಮಾತ್ರ ಬೇರೆ. ನಮ್ಮ ಕಡೆ ಮನೆಗಳಲ್ಲಿ ಇರುವುದು ಒಂದೋ ಇದು, ಇಲ್ಲವೇ ಬಾಯಿಂದ ಮದ್ದು ತುಂಬುವ ಕೇಪಿನ ಒಂಟಿನಳಿಗೆ.

ಈಗ ಲೆಕ್ಕ. .303ರ ಸುರುಳಿ 10 ಅಂಗುಲಕ್ಕೆ, ಅಂದರೆ 25.4 ಸೆಂಟಿಮೀಟರಿಗೆ ಒಂದು ಸುತ್ತು. ಗುಂಡಿನ ವೇಗ ಸೆಕೆಂಡಿಗೆ ಸುಮಾರು 740 ಮೀಟರು. ಭಾಗಿಸಿ ನೋಡಿ, ಸೆಕೆಂಡಿಗೆ 2,900ಕ್ಕೂ ಹೆಚ್ಚು ಸುತ್ತು ಬರುತ್ತದೆ. ಇಷ್ಟನ್ನೆಲ್ಲ ಮಾಡಿಸುವ ಆ ಗೆರೆಗಳ ಆಳವಾದರೋ ನೋಟುಬುಕ್ಕಿನ ಒಂದೆರಡು ಹಾಳೆಯ ದಪ್ಪದಷ್ಟು. ತುಕ್ಕು ಅಷ್ಟು ಆಳಕ್ಕೆ ತಿಂದರೆ ರೈಫಲ್ ಹೋಗಿ ಕಬ್ಬಿಣದ ಕೊಳವೆ ಉಳಿಯುತ್ತದೆ.

ತುಕ್ಕಿಗೆ ಬೇಕಾದದ್ದು ಗಾಳಿ ಮತ್ತು ನೀರು ಎಂದು ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿ ತೋರಿಸುತ್ತೇವೆ. ಬಂದೂಕಿನ ವಿಷಯದಲ್ಲಿ ಮೂರನೆಯವನೊಬ್ಬ ಸೇರಿಕೊಳ್ಳುತ್ತಾನೆ, ಅವನೇ ಉಪ್ಪು. ಕರಿಮದ್ದೆಂದರೆ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುತ್ತದೆಂದು ತಿಳಿಯಬೇಡಿ. ತೂಕದ ಅರ್ಧಕ್ಕಿಂತ ಹೆಚ್ಚು ಘನರೂಪದ ಕಿಟ್ಟವಾಗುತ್ತದೆ. ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯಿಂದ ತೇವ ಹೀರುವ ಗುಣದ್ದು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುತ್ತದಲ್ಲ, ಹಾಗೆ. ಹಳೆಯ ಕಾಡತೂಸಿನ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದು ಉಳಿಸುವ ಪೊಟ್ಯಾಸಿಯಂ ಕ್ಲೋರೈಡು ಅಡುಗೆ ಉಪ್ಪಿನ ಸೋದರ.

ಹುಡುಗರ ಪ್ರಶ್ನೆಗೆ ಉತ್ತರ ಇಲ್ಲಿದೆ. ಎರಡು ಪ್ರನಾಳ ತೆಗೆದುಕೊಳ್ಳಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಶೇಂಗಾ ಎಣ್ಣೆ. ಎರಡಕ್ಕೂ ಒಂದು ಚಿಟಿಕೆ ಉಪ್ಪು ಹಾಕಿ ಅಲ್ಲಾಡಿಸಿ. ನೀರಿನಲ್ಲಿ ಕರಗಿತು. ಎಣ್ಣೆಯಲ್ಲಿ? ತಳದಲ್ಲಿ ಹಾಗೆಯೇ ಕೂತಿದೆ. ಉಪ್ಪನ್ನು ತೆಗೆಯದೆ ಮೇಲೆ ಎಣ್ಣೆ ಹಚ್ಚಿದರೆ ಕಳ್ಳನನ್ನು ಒಳಗೇ ಬಿಟ್ಟು ಬಾಗಿಲಿಗೆ ಬೀಗ ಹಾಕಿದಂತೆ. ಸೈನಿಕರಿಗೆ ಇದು ಗೊತ್ತಿತ್ತು. ಗುಂಡು ಹಾರಿಸಿದ ದಿನವೇ ಆಳಿಕೆಯಿಟ್ಟು ನಳಿಗೆಯೊಳಗೆ ಕುದಿಯುವ ನೀರು ಸುರಿಯುತ್ತಿದ್ದರು. ಕುದಿಯುವ ನೀರೇ ಏಕೆ? ಉಪ್ಪು ಬೇಗ ಕರಗುತ್ತದೆ, ಲೋಹ ಬಿಸಿಯಾಗಿ ಉಳಿದ ತೇವ ತಾನೇ ಆರುತ್ತದೆ. ಒಣಬಟ್ಟೆಯಿಂದ ಒರೆಸಿದ ಮೇಲೆಯೇ ಎಣ್ಣೆ. ತ್ರೀ ನಾಟ್ ತ್ರೀಯ ಹಿಂದಿನ ಮರದ ದಿಮ್ಮಿಯಲ್ಲಿ ಹಿತ್ತಾಳೆ ಮುಚ್ಚಳದ ಸಣ್ಣ ಗೂಡೊಂದಿದೆ. ಎಣ್ಣೆಯ ಕುಪ್ಪಿಗೆ ಮತ್ತು ಬಟ್ಟೆ ಕಟ್ಟಿ ನಳಿಗೆಯೊಳಗೆ ಎಳೆಯುವ ಹುರಿಗೆ ಅದೇ ಮನೆ. ಆ ಹುರಿಯನ್ನೂ ನೇರವಾಗಿ ಎಳೆಯಬೇಕು. ಓರೆಯಾಗಿ ಎಳೆದೆಳೆದು ಬಾವಿಯ ಕಲ್ಲಿನ ಮೇಲೆ ಹಗ್ಗದ ಗುರುತು ಬೀಳುವಂತೆ ನಳಿಗೆಯ ಬಾಯಿ ಸವೆದ ರೈಫಲ್ಲುಗಳಿವೆ.

ಇನ್ನು ಯಾವ ಎಣ್ಣೆ? ನಮ್ಮ ಭಾಗದಲ್ಲಿ ಎಣ್ಣೆಗೆ ಬರವಿಲ್ಲ, ಆದರೆ ಅಡುಗೆಮನೆಯ ಯಾವುದೂ ನಳಿಗೆಗೆ ಬೇಡ. ಅಗಸಿ, ಕುಸುಬಿ ಎಣ್ಣೆಗಳು ಗಾಳಿಯ ಆಮ್ಲಜನಕ ಹೀರಿ ಅಂಟಾಗಿ ಗಟ್ಟಿಯಾಗುತ್ತವೆ. ಕೊಬ್ಬರಿ ಎಣ್ಣೆ ಕಮಟು ಹಿಡಿದರೆ ಅದರ ಆಮ್ಲ ಹಿತ್ತಾಳೆಯನ್ನು ಹಸಿರಾಗಿಸುತ್ತದೆ. ಹೊಲಿಗೆ ಯಂತ್ರದ ಎಣ್ಣೆಯಂಥ ಖನಿಜ ತೈಲದ ತೆಳು ಲೇಪ ಸಾಕು. ಆದರೆ ಗಟ್ಟಿಯಾಗುವ ಅದೇ ಅಗಸಿ ಎಣ್ಣೆ ಮರದ ಭಾಗಕ್ಕೆ ಅಮೃತ. ಮೇ ತಿಂಗಳ ಯಾದಗಿರಿಯ ಬಿಸಿಲಿಗೆ ಬಾಗಿಲ ಚೌಕಟ್ಟೇ ಬಿರಿಯುತ್ತದೆ, ಬಂದೂಕಿನ ಮರ ಬಿಡುತ್ತದೆಯೇ? ಬ್ರಿಟಿಷ್ ಸೈನ್ಯವೂ ಮರಕ್ಕೆ ಅಗಸಿ ಎಣ್ಣೆಯನ್ನೇ ತಿಕ್ಕಿಸುತ್ತಿತ್ತು. ತಿಕ್ಕಿದ ಅರಿವೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ. ಆಮ್ಲಜನಕ ಹೀರುವಾಗ ಹುಟ್ಟುವ ಕಾವಿಗೆ ಅದು ತಾನಾಗಿಯೇ ಹೊತ್ತಿಕೊಂಡೀತು, ಹರವಿ ಒಣಗಿಸಿ.

ನಳಿಗೆಯ ಮೇಲಿನ ಕಪ್ಪನ್ನು ಕೊಳೆಯೆಂದು ಭಾವಿಸಿ ಇಟ್ಟಂಗಿ ಪುಡಿಯಿಂದ ತಿಕ್ಕಿ ಬೆಳ್ಳಗೆ ಮಾಡುವವರಿದ್ದಾರೆ. ಆ ಕಪ್ಪೂ ಕಬ್ಬಿಣದ ಆಕ್ಸೈಡೇ. ಆದರೆ ಕೆಂಪು ತುಕ್ಕಿನಂತೆ ಉದುರದೆ ಮೈಗೆ ಒತ್ತಿ ಕೂತು ಕಾಯುತ್ತದೆ. ಚರ್ಮದ ಚೀಲ, ಗೋಣಿ ಸುತ್ತುವುದೂ ಬೇಡ, ಎರಡೂ ತೇವ ಹಿಡಿಯುತ್ತವೆ. ಕೈಬೆವರಿನಲ್ಲೂ ಉಪ್ಪಿದೆ, ಮುಟ್ಟಿದ ಮೇಲೆ ಒರೆಸಲೇಬೇಕು. ಪೂಜೆಯ ಕುಂಕುಮವನ್ನು ಅಂದೇ ಸಂಜೆ ಒರೆಸಿ ತೆಗೆದರೆ ದೇವರು ಕೋಪಿಸಿಕೊಳ್ಳಲಾರ.

ಪಾಲಕರು ಇಲ್ಲಿ ಸ್ವಲ್ಪ ನಿಧಾನಿಸಿ ಓದಬೇಕು. ನಳಿಗೆಯೊಳಗೆ ಉಳಿಯುವುದು ಉಪ್ಪೊಂದೇ ಅಲ್ಲ, ತುಂಬಿದ ಮದ್ದೂ ಉಳಿದಿರಬಹುದು. ಬಾಯಿಂದ ತುಂಬುವ ಬಂದೂಕನ್ನು ನೋಡಿ ತುಂಬಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ 1863ರ ಗೆಟ್ಟಿಸ್‌ಬರ್ಗ್ ಕಾಳಗದ ನಂತರ ಮೈದಾನದಿಂದ ಆಯ್ದ ಸುಮಾರು 27,000 ಬಂದೂಕುಗಳಲ್ಲಿ 24,000ದಷ್ಟು ತುಂಬಿದ ಸ್ಥಿತಿಯಲ್ಲೇ ಇದ್ದವು. ಅಜ್ಜ ಹಂದಿ ಓಡಿಸಲು ತುಂಬಿಟ್ಟು, ಹಾರಿಸುವ ಪ್ರಸಂಗ ಬಾರದೆ ಹಾಗೆಯೇ ತೂಗುಹಾಕಿ, ತಾನು ತೀರಿಕೊಂಡಿರಬಹುದು. “ಐವತ್ತು ವರ್ಷದ ಮದ್ದು, ಸತ್ತು ಹೋಗಿರ್ತದ ಬಿಡ್ರಿ” ಎನ್ನುವವರಿಗೆ ರಸಾಯನಶಾಸ್ತ್ರದ ಉತ್ತರ ಹೀಗಿದೆ: ಒಣಗಿರುವ ಕರಿಮದ್ದಿಗೆ ಮುಪ್ಪಿಲ್ಲ. ಉರಿಯಲು ಬೇಕಾದ ಆಮ್ಲಜನಕ ಪೆಟ್ಲುಪ್ಪಿನಲ್ಲೇ ಇದೆ, ಹೊರಗಿನ ಗಾಳಿಯ ಹಂಗಿಲ್ಲ. ಒಂದು ಕಿಡಿ, ಒಂದು ಹಳೆಯ ಕೇಪು ಸಾಕು. ದಸರೆಯ ರಜೆಯಲ್ಲಿ ಸಿನಿಮಾದಂತೆ ತಂಗಿಯತ್ತ ಗುರಿ ಹಿಡಿದು ಕುದುರೆ ಎಳೆಯುವ ಹುಡುಗನಿಗೆ ಇದು ಗೊತ್ತಿರುವುದಿಲ್ಲ.

ಪರೀಕ್ಷೆ ಸುಲಭ. ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟು ಬಾಯಿಯ ಹತ್ತಿರ ಗುರುತು ಹಾಕುವುದು, ಹೊರಗೆ ತೆಗೆದು ಆ ಗುರುತನ್ನು ಬಾಯಿಗೆ ಸರಿಯಾಗಿ ಹಿಡಿದು ನಳಿಗೆಯ ಪಕ್ಕದಲ್ಲಿ ಇಡುವುದು. ಗಜದ ತುದಿ ಕೇಪು ಕೂರುವ ಜಾಗಕ್ಕೆ ಬೆರಳುಗಳಷ್ಟು ಮೊದಲೇ ನಿಂತರೆ ಒಳಗೆ ಏನೋ ಇದೆ. ಇದು ಮಕ್ಕಳ ಪ್ರಯೋಗವಲ್ಲ. ಬಲ್ಲವರೇ, ಬಾಯಿಗೆ ಯಾರೂ ಅಡ್ಡ ಬಾರದಂತೆ ಮಾಡಬೇಕಾದದ್ದು. ಒಳಗೆ ಏನಾದರೂ ಇದ್ದರೆ ಕೆದಕುವುದಾಗಲಿ, ಸಲಾಕೆಯಿಂದ ಕುಟ್ಟುವುದಾಗಲಿ ಕೂಡದು. ಪೊಲೀಸ್ ಠಾಣೆಗೆ ಇಲ್ಲವೇ ಪರವಾನಗಿಯುಳ್ಳ ಬಂದೂಕಿನ ಅಂಗಡಿಗೆ ಮೊದಲು ಸುದ್ದಿ ಮುಟ್ಟಿಸಿ. ರೈಫಲ್ ಆದರೆ ಬೋಲ್ಟು ಒಂದು ಕಡೆ, ಕಾಡತೂಸು ಇನ್ನೊಂದು ಕಡೆ, ಎರಡಕ್ಕೂ ಬೀಗ. ಗೋಡೆಯ ಮೇಲೆ ಚಂದ ಕಾಣುತ್ತದೆಂಬುದು ನಿಜ, ಆದರೆ ಮಕ್ಕಳಿರುವ ಮನೆಯಲ್ಲಿ ಅದರ ಜಾಗ ಬೀಗ ಹಾಕಿದ ತಿಜೋರಿಯೇ.

ಅಜ್ಜ ತೀರಿಕೊಂಡ ಮೇಲೆ ಅವರ ಪರವಾನಗಿ ಹೊಲದ ಪಹಣಿಯಂತೆ ಮಕ್ಕಳ ಹೆಸರಿಗೆ ಸುಮ್ಮನೆ ಬರುವುದಿಲ್ಲ. 1959ರ ಆಯುಧ ಕಾಯಿದೆಯಂತೆ ಬಂದೂಕನ್ನು ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಠೇವಣಿ ಇಟ್ಟು, ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. ವಯಸ್ಸು 21 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಪಿತ್ರಾರ್ಜಿತವಾದದ್ದೂ ಆ ಲೆಕ್ಕದಲ್ಲೇ. ಯಾದಗಿರಿ 2009ರ ಡಿಸೆಂಬರ್ ಕೊನೆಗೆ ಬೇರೆ ಜಿಲ್ಲೆಯಾದದ್ದರಿಂದ ಅದಕ್ಕೂ ಹಿಂದಿನ ಪರವಾನಗಿಗಳು ಗುಲಬರ್ಗಾ ಜಿಲ್ಲೆಯ ಕಾಲದವು. ಹಳೆಯ ಪುಸ್ತಕವನ್ನು ಎಸೆಯಬೇಡಿ, ಈಗಿನ ಜಿಲ್ಲಾಧಿಕಾರಿ ಕಚೇರಿಗೆ ಅದನ್ನು ಒಯ್ಯಿರಿ. ರಿಪೇರಿ ಮಾಡಿದರೂ ಸಿಡಿಯಲಾರದ, ಪ್ರಾಚೀನ ಮೌಲ್ಯದ ಬಂದೂಕಿಗೆ ಕಾಯಿದೆಯಲ್ಲಿ ವಿನಾಯಿತಿ ಇದೆ. ಆದರೆ ನಿಮ್ಮದು ಆ ಜಾತಿಯದೇ ಎಂದು ನೀವೇ ತೀರ್ಪು ಕೊಟ್ಟುಕೊಂಡು ಅಟ್ಟದ ಮೇಲಿಟ್ಟರೆ ಅದು ವಿನಾಯಿತಿಯಲ್ಲ, ಅಪರಾಧವಾದೀತು.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಹೋಗಿ ವಾರಗಟ್ಟಲೆ ಇರಬೇಕಾಗುತ್ತದೆ. ಕೊಡುವ ಹಿಂದಿನ ದಿನವೇ ನಳಿಗೆ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಒರೆಸಿ, ಒಳಗೂ ಹೊರಗೂ ಎಣ್ಣೆ ಹಚ್ಚಿ. ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ರಸೀದಿ ಪಡೆಯಲು ಮರೆಯಬೇಡಿ. ಮರಳಿ ತಂದ ಸಂಜೆಯೇ ಆ ಎಣ್ಣೆ ತೆಗೆದು, ಬೆಳಕಿಗೆ ಹಿಡಿದು ನಳಿಗೆಯೊಳಗಿನ ಗೆರೆಗಳು ಮೊದಲಿನಂತೆಯೇ ಹೊಳೆಯುತ್ತಿವೆಯೇ ನೋಡಿ.