ಮನೆಗೆಲಸ ಯಾರ ಕೆಲಸ?



ಸಂಘಗಳ ವಾರದ ಸಭೆಗೆ ಹೋದಾಗ ನಾವು ಮತ್ತೆ ಮತ್ತೆ ನೋಡುವ ದೃಶ್ಯ ಒಂದಿದೆ. ಸಭೆ ರಾತ್ರಿ ಏಳು ಗಂಟೆಗೆ ಅಂತ ನಿರ್ಣಯ ಆಗಿರುತ್ತದೆ. ಏಳೂವರೆಯಾದರೂ ನಾಲ್ಕೈದು ಜನ ಬಂದಿರುವುದಿಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿ ಬರುತ್ತಾರೆ, ತಡವಾಗಿದ್ದಕ್ಕೆ ದಂಡವನ್ನೂ ಕಟ್ಟುತ್ತಾರೆ. "ಯಾಕಮ್ಮಾ ತಡ?" ಅಂದರೆ, "ಎಲ್ಲರಿಗೂ ಊಟಕ್ಕೆ ಇಟ್ಟು ಬರೋದ್ರೊಳಗೆ ಇಷ್ಟೊತ್ತಾಯ್ತು ಸಿಸ್ಟರ್" ಅನ್ನುತ್ತಾರೆ. ಅದೇ ತಾಯಂದಿರನ್ನು "ನೀವೇನು ಕೆಲಸ ಮಾಡ್ತೀರಿ?" ಅಂತ ಕೇಳಿ ನೋಡಿ. "ಏನೂ ಇಲ್ಲ, ಮನೇಲೇ ಇರ್ತೀನಿ" ಎಂಬ ಉತ್ತರ ಬರುತ್ತದೆ!

ಹೊಸಿಲಿನ ಹೊರಗೆ ಬಹಳ ಬದಲಾಗಿದೆ. ನಮ್ಮ ಅಜ್ಜಿಯರ ಕಾಲದಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತಿದ ಹೆಂಗಸರು ಎಷ್ಟು ಜನ? ಇಂದು ನಿಮ್ಮ ಹೆಸರಲ್ಲೇ ಪಾಸ್‌ಬುಕ್ ಇದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಮಹಿಳೆಯೇ ಕುಟುಂಬದ ಮುಖ್ಯಸ್ಥೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯೂ ಮನೆಯ ಯಜಮಾನಿಯ ಹೆಸರಿಗೇ. ಕೂಲಿಗೆ, ಗಾರ್ಮೆಂಟ್ಸ್‌ಗೆ, ಅಂಗನವಾಡಿಗೆ ಹೋಗಿ ಸಂಸಾರ ತೂಗಿಸುವವರು ನಮ್ಮಲ್ಲಿ ಬಹಳ ಜನ. ಅತ್ತೆ, ನಾದಿನಿ, ಓರಗಿತ್ತಿ ಎಲ್ಲರೂ ಸೇರಿ ಕೆಲಸ ಹಂಚಿಕೊಳ್ಳುತ್ತಿದ್ದ ಕೂಡು ಕುಟುಂಬ ಈಗ ಅಪರೂಪ.

ಆದರೆ ಹೊಸಿಲಿನ ಒಳಗೆ?

ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ 2019ರಲ್ಲಿ ದೇಶಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಿದ್ದರು. 2024ರಲ್ಲಿ ಮತ್ತೆ ಸಮೀಕ್ಷೆ ನಡೆಯಿತು. ಹೆಂಗಸರದು 289 ನಿಮಿಷ, ಗಂಡಸರದು 88. ಅಂದರೆ ಹೆಂಗಸರಿಗೆ 10 ನಿಮಿಷ ಕಡಿಮೆಯಾಯಿತು, ಗಂಡಸರಿಗೂ 9 ನಿಮಿಷ ಕಡಿಮೆಯಾಯಿತು. ಐದು ವರ್ಷದಲ್ಲಿ ಇಬ್ಬರ ನಡುವಿನ ಅಂತರ ಕರಗಿದ್ದು ಒಂದೇ ಒಂದು ನಿಮಿಷ! ಇನ್ನು ಮನೆಗೆಲಸಕ್ಕೆ ಕೈಯೇ ಹಾಕದ ಗಂಡಸರು ಈ ಲೆಕ್ಕದಲ್ಲೂ ಇಲ್ಲ.

"ಅಡುಗೆ ಹೆಂಗಸರ ಕೆಲಸ" ಅನ್ನುತ್ತಾರೆ. ಹಾಗಾದರೆ ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಯಾರು? ಹೋಟೆಲಿನಲ್ಲಿ ದೋಸೆ ಹುಯ್ಯುವವರು ಯಾರು? ಕೂಲಿ ಸಿಕ್ಕರೆ ಗಂಡಸಿನ ಕೆಲಸ, ಸಿಗದಿದ್ದರೆ ಹೆಂಗಸಿನ ಕೆಲಸ. ಇದು ದೇವರು ಬರೆದದ್ದಲ್ಲ, ನಾವು ರೂಢಿ ಮಾಡಿಕೊಂಡದ್ದು.

ನ್ಯಾಯಾಲಯಗಳೂ ಈ ಕೆಲಸಕ್ಕೆ ಬೆಲೆ ಕಟ್ಟಿವೆ. 1989ರಲ್ಲಿ ಜಮ್‌ಶೆಡ್‌ಪುರದ ಬೆಂಕಿ ದುರಂತದಲ್ಲಿ ತೀರಿಕೊಂಡ ಗೃಹಿಣಿಯರ ಪರಿಹಾರ ಲೆಕ್ಕ ಹಾಕುವಾಗ, ಸುಪ್ರೀಂ ಕೋರ್ಟ್ 2001ರಲ್ಲಿ ಅವರ ಮನೆಗೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಅಂತ ಹಿಡಿಯಿತು. ಗೃಹಿಣಿ ಏನೂ ದುಡಿಯುವುದಿಲ್ಲ ಎಂಬ ಭಾವನೆಯೇ ತಪ್ಪು ಅಂತ 2021ರಲ್ಲಿ ಮತ್ತೆ ಹೇಳಿತು. ನೋಡಿ, ಸತ್ತ ಮೇಲೆ ಬೆಲೆ ಇದೆ. ಬದುಕಿರುವಾಗ ಯಾಕೆ ಇರಬಾರದು?

ಇದರಲ್ಲಿ ನಮಗೆ ಹೆಚ್ಚು ಚಿಂತೆ ಹುಟ್ಟಿಸುವುದು ಹೆಣ್ಣುಮಕ್ಕಳ ವಿಷಯ. ತಾಯಿ ಸಾಲ ತಗೊಂಡು ಹಸು ಕಟ್ಟುತ್ತಾಳೆ, ಹೊಲಿಗೆ ಶುರು ಮಾಡುತ್ತಾಳೆ. ಒಳ್ಳೆಯದೇ. ಆದರೆ ಬಿಟ್ಟ ಮನೆಗೆಲಸ ಗಂಡನ ಕೈಗೂ ಹೋಗುವುದಿಲ್ಲ, ಮಗನ ಕೈಗೂ ಹೋಗುವುದಿಲ್ಲ. ಹೈಸ್ಕೂಲಿಗೆ ಹೋಗುವ ಮಗಳ ತಲೆಗೆ ಬೀಳುತ್ತದೆ. ಅವಳು ತಮ್ಮನನ್ನು ನೋಡಿಕೊಳ್ಳಬೇಕು, ನೀರು ಹಿಡಿಯಬೇಕು, ಆಮೇಲೆ ಓದಬೇಕು. ಪರೀಕ್ಷೆಯಲ್ಲಿ ನಪಾಸಾದರೆ "ಇವಳಿಗೆ ವಿದ್ಯೆ ಹತ್ತಲ್ಲ, ಮದುವೆ ಮಾಡಿಬಿಡೋಣ" ಅಂತೀವಿ. ಅವಳಿಗೆ ವಿದ್ಯೆ ಹತ್ತಲಿಲ್ಲವೋ, ಓದಲು ಹೊತ್ತೇ ಸಿಗಲಿಲ್ಲವೋ?

ಗಂಡಸರ ಮೇಲೆ ಜಗಳಕ್ಕೆ ನಿಲ್ಲಿ ಅಂತ ನಾವು ಹೇಳುತ್ತಿಲ್ಲ. ಸಣ್ಣದಾಗಿ ಆರಂಭಿಸೋಣ. ಒಂದು ಹಾಳೆಯ ಮೇಲೆ ಎರಡು ಗಡಿಯಾರ ಬರೆಯಿರಿ, ಒಂದು ನಿಮ್ಮದು, ಒಂದು ನಿಮ್ಮ ಯಜಮಾನರದು. ಎದ್ದಾಗಿನಿಂದ ಮಲಗುವವರೆಗೆ ಯಾವ ಹೊತ್ತಿಗೆ ಯಾರು ಏನು ಮಾಡುತ್ತಾರೆ ತುಂಬಿಸಿ. ಮನೆಯವರೆಲ್ಲ ಕೂತು ನೋಡಲಿ. ಬೈಯುವುದಕ್ಕಿಂತ ಆ ಹಾಳೆಯೇ ಹೆಚ್ಚು ಮಾತಾಡುತ್ತದೆ. ಉಂಡ ತಟ್ಟೆಯನ್ನು ಅವರವರೇ ತೊಳೆಯುವ ಪದ್ಧತಿ ಮಾಡಿ. ಮಗನಿಗೂ ಅನ್ನ ಬಸಿಯಲು, ಕಸ ಗುಡಿಸಲು ಕಲಿಸಿ. ನಾಳೆ ಕೆಲಸಕ್ಕಾಗಿ ಪಟ್ಟಣ ಸೇರಿದಾಗ ಅವನ ಹೊಟ್ಟೆಗೇ ಆಗುತ್ತದೆ. "ಗಂಡು ಹುಡುಗನ ಕೈಲಿ ಪೊರಕೆಯಾ?" ಅಂತ ಮೊದಲು ಆಡಿಕೊಳ್ಳುವವರು ಅನೇಕ ಸಲ ನಾವು ಹೆಂಗಸರೇ. ಆ ಮಾತನ್ನು ಮೊದಲು ನಾವು ಬಿಡೋಣ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಮುಂದಿನ ಸಭೆಯಲ್ಲಿ ಚರ್ಚಿಸೋಣ:

1. ನಿನ್ನೆ ನಿಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡಿದವರು ಯಾರು? ಮೊದಲು ಎದ್ದವರು ಯಾರು?
2. ಹೊಸ ಸಾಲಕ್ಕೆ ಅರ್ಜಿ ಬಂದಾಗ ಬಡ್ಡಿ, ಕಂತಿನ ಜೊತೆಗೆ "ಮನೆಗೆಲಸ ಯಾರು ನೋಡ್ಕೊಳ್ತಾರೆ?" ಅಂತಲೂ ಕೇಳಬಹುದಲ್ಲವೇ?
3. ಈ ವಾರ ನಿಮ್ಮ ಮಗ ಕಲಿಯುವ ಒಂದು ಮನೆಗೆಲಸ ಯಾವುದು?