ರುಮಾಲಿನೊಳಗಿನ ಊರು

ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ನಮ್ಮ ಹಳ್ಳಿಗಳ ನೂರೈವತ್ತು ವರ್ಷಗಳ ಲೆಕ್ಕ ಗಂಟು ಕಟ್ಟಿಕೊಂಡು ಕೂತಿದೆ. ಸರ್ಕಾರದ ದುಡ್ಡಿನಲ್ಲಿ ಆ ಗಂಟುಗಳು ಈಗ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ.

ರೆಕಾರ್ಡ್ ಕೀಪರ್ ರುಮಾಲಿನ ಗಂಟು ಬಿಚ್ಚಿದರು. ದೂಳು ಹಿಡಿದು ಮೂಲ ಬಣ್ಣ ಯಾವುದೆಂದೇ ತಿಳಿಯದ ಬಟ್ಟೆ. ಒಳಗೆ ಒಂದೇ ಗ್ರಾಮದ ಕಡತಗಳು, ಲಾಡಿಯಲ್ಲಿ ಪೋಣಿಸಿದವು. ಮೇಲಿನದು ಗೇಣಿ ಜಮೀನಿನ ಹಕ್ಕಿಗಾಗಿ ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿ, ಫಾರಂ ನಂಬರ್ 7. ಅಂಚು ಬಿಸ್ಕತ್ತಿನಂತೆ ಮುರಿಯುತ್ತಿತ್ತು. ಗುಂಡುಪಿನ್ನು ಚುಚ್ಚಿದ ಜಾಗದಲ್ಲಿ ತುಕ್ಕು ಇಳಿದು ಮುಂದಿನ ನಾಲ್ಕು ಹಾಳೆಗಳಿಗೂ ಅದೇ ಕಂದು ಚುಕ್ಕೆ ದಾಟಿತ್ತು. ಕೊನೆಯ ಹಾಳೆಯ ಬುಡದಲ್ಲಿ ನೀಲಿ ಹೆಬ್ಬೆಟ್ಟು. ಐದು ದಶಕ ಕಳೆದರೂ ಬೆರಳಿನ ಗೆರೆಗಳು ಸುತ್ತುಸುತ್ತಾಗಿ ಎಣಿಸುವಷ್ಟು ಸ್ಪಷ್ಟ. ಅದರ ಪಕ್ಕದಲ್ಲಿ ಗುಮಾಸ್ತರೊಬ್ಬರ ದುಂಡು ಅಕ್ಷರದಲ್ಲಿ ಒಬ್ಬ ಗೇಣಿದಾರನ ಹೆಸರು, ‘ಎಡಗೈ ಹೆಬ್ಬೆರಳ ಗುರುತು’ ಎಂಬ ಷರಾ.

ಆ ಮನುಷ್ಯ ಬದುಕಿನಲ್ಲಿ ಕಾಗದದ ಮೇಲೆ ಮೂಡಿಸಿದ ಗುರುತು ಬಹುಶಃ ಅದೊಂದೇ ಇರಬಹುದು. ಅವನು ಯಾವ ಹೊಲ ಉತ್ತ, ಎಷ್ಟು ಗೇಣಿ ಅಳೆದ, ಅವನ ಪರವಾಗಿ ಪಕ್ಕದ ಹೊಲದವರು ಏನು ಹೇಳಿದರು ಎಂಬುದೆಲ್ಲ ಆ ಹತ್ತು ಹದಿನೈದು ಹಾಳೆಗಳಲ್ಲಿದೆ. ರಾಜರ ಚರಿತ್ರೆಗೆ ಶಾಸನಗಳಿವೆ. ಉಳುವವರ ಚರಿತ್ರೆಗೆ ಇರುವುದು ಈ ಹಾಳೆಗಳು. ಅವು ಇರುವುದು ಯಾವುದೋ ಮ್ಯೂಸಿಯಮ್ಮಿನಲ್ಲಲ್ಲ, ನಮ್ಮ ನಿಮ್ಮ ತಾಲ್ಲೂಕು ಕಚೇರಿಯ ಹಿಂಭಾಗದ ಕೋಣೆಯಲ್ಲಿ. ಬಾಗಿಲ ಮೇಲೆ ‘ಅಭಿಲೇಖಾಲಯ’ ಎಂದು ಬರೆದಿದ್ದರೂ ಜನರ ಬಾಯಲ್ಲಿ ಅದು ರೆಕಾರ್ಡ್ ರೂಮು.

ಕಡತ ಎಂಬ ಮಾತು

ಫೈಲಿಗೆ ನಾವು ಕಡತ ಅನ್ನುತ್ತೇವೆ. ಕಡತ ಎಂದರೆ ಮೊದಲಿಗೆ ಒಂದು ವಸ್ತು. ಸುಮಾರು ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಕಲಸಿ ಎರಡೂ ಬದಿಗೆ ಬಳಿದು ಒಣಗಿಸುತ್ತಿದ್ದರು. ಕಪ್ಪಗೆ ಗಟ್ಟಿಯಾದ ಬಟ್ಟೆಯನ್ನು ಕತ್ತರಿಸದೆ ಹಿಂದೆ ಮುಂದೆ ಮಡಿಸಿ ಎರಡು ತುದಿಗೆ ಮರದ ಹಲಗೆ ಕೂಡಿಸಿದರೆ ಪುಸ್ತಕ ಸಿದ್ಧ. ಅದರ ಮೇಲೆ ಬಳಪದಲ್ಲಿ ಬರೆಯುವುದು. ಅಂಗಡಿಯವರ ಲೆಕ್ಕ, ಶಾನುಭೋಗರ ಲೆಕ್ಕ, ಮಠಗಳ ವ್ಯವಹಾರ ಎಲ್ಲವೂ ಇದರಲ್ಲೇ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಕಡತವನ್ನು ವಿವರವಾಗಿ ಬಣ್ಣಿಸಿ, ಅದರ ಬಾಳಿಕೆಯನ್ನು ಮೆಚ್ಚಿಕೊಂಡಿದ್ದಾನೆ.

ಕಾಗದ ಬಂದ ಮೇಲೆ ಕಪ್ಪು ಬಟ್ಟೆ ಮರೆಯಾಯಿತು, ಹೆಸರು ಕಚೇರಿಯಲ್ಲಿ ಉಳಿಯಿತು. ಲೆಕ್ಕ ಇಡುವ ಕೆಲಸ ಮಾತ್ರ ಬಹಳ ಕಾಲ ಶಾನುಭೋಗರ ಮನೆತನಗಳ ಕೈಯಲ್ಲೇ ಇತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಆ ವಂಶಪಾರಂಪರ್ಯವನ್ನು ಕೊನೆಗಾಣಿಸಿತು. ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿದ್ದ ಊರಿನ ದಾಖಲೆಯ ಜವಾಬ್ದಾರಿ ಪೂರ್ತಿಯಾಗಿ ಸರ್ಕಾರದ ಹೆಗಲಿಗೆ ಬಂತು.

ಕೋಣೆಯೊಳಗೆ ಏನಿದೆ

ಹಳೆ ಮೈಸೂರು ಸೀಮೆಯಲ್ಲಿ ಆಧುನಿಕ ಕಂದಾಯ ಮೋಜಣಿ ಶುರುವಾದದ್ದು 1863ರಲ್ಲಿ. ಸರಪಳಿ ಹಿಡಿದು ಅಳೆದ ಆ ಕಾಲದಿಂದ ಸರ್ವೆ ನಂಬರ್, ಟಿಪ್ಪಣಿ, ಗ್ರಾಮನಕ್ಷೆ, ಆಕಾರ್‌ಬಂದ್ ಎಂಬ ದಾಖಲೆಗಳು ಬೆಳೆದವು. ನಕ್ಷೆಯಲ್ಲಿ ಗಡಿಕಲ್ಲುಗಳಿವೆ, ಬಂಡಿದಾರಿ, ಕೆರೆ, ಗೋಮಾಳ, ಗುಂಡುತೋಪುಗಳಿವೆ. ಈಗ ಬಡಾವಣೆಯಾಗಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಜಕಾಲುವೆ ಹರಿಯುತ್ತಿತ್ತೇ ಎಂಬುದಕ್ಕೆ ಅಲ್ಲಿ ಉತ್ತರ ಸಿಗುತ್ತದೆ.

ಅದರ ಮೇಲೆ ಒಂದೊಂದು ಕಾನೂನು ಬಂದಾಗಲೂ ಒಂದೊಂದು ಪದರ ಕಡತ ಕೂಡಿಕೊಂಡಿದೆ. 1954ರ ಇನಾಂ ರದ್ದತಿಯ ರಿಜಿಸ್ಟರುಗಳಲ್ಲಿ ಯಾವ ಊರು ಯಾರಿಗೆ, ಯಾವ ಸೇವೆಗೆ ಇನಾಮಾಗಿತ್ತು ಎಂಬ ವಿವರವಿದೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯಿಂದ ಎದ್ದ ಪ್ರಶ್ನೆ ಬೆಳೆದು, ದೇವರಾಜ ಅರಸರ ಕಾಲದ ಭೂ ಸುಧಾರಣೆಯಲ್ಲಿ ಒಂದು ಘಟ್ಟ ಮುಟ್ಟಿತು. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರು ಹಾಕಿದ ಅರ್ಜಿಗಳು 8 ಲಕ್ಷಕ್ಕೂ ಹೆಚ್ಚು. ಒಂದೊಂದು ಅರ್ಜಿಯ ಹಿಂದೆ ಹೇಳಿಕೆ, ಆಕ್ಷೇಪಣೆ, ಮಹಜರು, ಆದೇಶ. ಕರ್ನಾಟಕದ ಹಳ್ಳಿಯ ಬಗ್ಗೆ ಇಷ್ಟು ದೊಡ್ಡ ಮೌಖಿಕ ಸಾಕ್ಷ್ಯ ಮತ್ತೆಲ್ಲಿ ಒಟ್ಟಾಗಿದೆಯೋ ನನಗೆ ಕಾಣೆ.

ಈ ಹಾಳೆಗಳು ಬರೀ ಚರಿತ್ರೆಯೂ ಅಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ ತಡೆಯುವ 1978ರ ಕಾಯ್ದೆಯನ್ನೇ ನೋಡಿ. ಜಮೀನು ವಾಪಸು ಬೇಕೆಂದು ಕೇಳುವ ಕುಟುಂಬ ಅದು ಮಂಜೂರಾದದ್ದೇ ಎಂದು ತೋರಿಸಬೇಕು. ಮೂಲ ಮಂಜೂರಾತಿ ಕಡತ ಸಿಕ್ಕರೆ ನ್ಯಾಯದ ದಾರಿ ತೆರೆಯುತ್ತದೆ. ‘ಕಡತ ಲಭ್ಯವಿಲ್ಲ’ ಎಂಬ ಎರಡು ಪದದ ಹಿಂಬರಹ ಬಂದರೆ ಆ ದಾರಿ ಕಡಿದಾಗುತ್ತದೆ. ಗೆದ್ದಲು ತಿಂದರೂ, ಮಳೆನೀರು ಇಳಿದರೂ, ಯಾರಾದರೂ ಬೇಕೆಂದೇ ಒಂದು ಹಾಳೆ ಕಿತ್ತು ಇನ್ನೊಂದು ಸೇರಿಸಿದರೂ ಪೆಟ್ಟು ಬೀಳುವುದು ಬಡವರಿಗೆ. ಹಣವಂತರ ಮನೆಯ ಬೀರುವಿನಲ್ಲಿ ಪ್ರತಿಗಳಿರುತ್ತವೆ. ಬಡವರ ಪ್ರತಿ ಇರುವುದು ಸರ್ಕಾರದ ಬಳಿ ಮಾತ್ರ.

‘ಭೂಮಿ’ಯಿಂದ ‘ಭೂ ಸುರಕ್ಷಾ’ಕ್ಕೆ

ಕರ್ನಾಟಕ ಈ ಕೆಲಸದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ಈ ಶತಮಾನದ ಆರಂಭದಲ್ಲೇ ‘ಭೂಮಿ’ ಯೋಜನೆಯಡಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿ ನಿಂತಿತು. ಆದರೆ ಅಂದು ಕಂಪ್ಯೂಟರಿಗೆ ಏರಿದ್ದು ಆ ಹೊತ್ತಿನ ಪಹಣಿಯ ಮಾಹಿತಿ. ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂದು ಹೇಳುವ ಹಳೆಯ ಕಡತಗಳು ರುಮಾಲಿನಲ್ಲೇ ಉಳಿದವು.

ಕೇಂದ್ರ ಸರ್ಕಾರ 2008ರಲ್ಲಿ ಶುರುಮಾಡಿದ ಭೂದಾಖಲೆ ಆಧುನೀಕರಣ ಕಾರ್ಯಕ್ರಮದಲ್ಲಿ ತಾಲ್ಲೂಕು ಮಟ್ಟದ ಆಧುನಿಕ ರೆಕಾರ್ಡ್ ರೂಮುಗಳಿಗೂ ಅನುದಾನವಿದೆ. ರಾಜ್ಯದ ಕಂದಾಯ ಇಲಾಖೆ 2024ರಲ್ಲಿ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ಉಳಿದ ಕಡತಗಳಿಗೇ ಕೈಹಾಕಿತು. ಜಿಲ್ಲೆಗೊಂದರಂತೆ 31 ತಾಲ್ಲೂಕುಗಳಲ್ಲಿ ಮೊದಲ ಪ್ರಯೋಗ ನಡೆಯಿತು. ನಂತರ ಎಲ್ಲ ತಾಲ್ಲೂಕುಗಳಿಗೂ ವಿಸ್ತರಣೆಯಾಯಿತು. ಒಟ್ಟು ಪುಟಗಳ ಅಂದಾಜು ಸುಮಾರು 100 ಕೋಟಿ.

ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ರುಮಾಲು ಬಿಚ್ಚಿ ಕಡತಗಳನ್ನು ಗ್ರಾಮವಾರು ವಿಂಗಡಿಸಿ ಪಟ್ಟಿ ಮಾಡುತ್ತಾರೆ. ಲಾಡಿ, ಪಿನ್ನು ತೆಗೆಯುತ್ತಾರೆ. ಮಡಿಕೆ ಬಿದ್ದ ಹಾಳೆಯನ್ನು ಅಂಗೈಯಲ್ಲಿ ಒತ್ತಿ ನೇರ ಮಾಡುತ್ತಾರೆ. ಪ್ರತಿ ಹಾಳೆಗೆ ಪುಟಸಂಖ್ಯೆ ಬೀಳುತ್ತದೆ. ಆಮೇಲೆ ಸ್ಕ್ಯಾನರ್. ಮುರಿಯುವ ಹಾಳೆಯನ್ನು ಯಂತ್ರ ಎಳೆದುಕೊಳ್ಳಲು ಬಿಡುವಂತಿಲ್ಲ, ಮೇಲಿನಿಂದ ಚಿತ್ರ ತೆಗೆಯಬೇಕು. ಕೊನೆಗೆ ಕಡತದ ಹಾಳೆಗಳನ್ನೂ ಚಿತ್ರಗಳನ್ನೂ ತಾಳೆ ನೋಡಿ ಒಪ್ಪಿಗೆ ಕೊಡಬೇಕು. ಹೀಗೆ ಒಮ್ಮೆ ಪುಟಸಂಖ್ಯೆ ಬಿದ್ದು ಚಿತ್ರವಾದ ಕಡತದೊಳಗೆ ಮತ್ತೊಂದು ಹಾಳೆ ನುಸುಳಿಸುವುದು ಸುಲಭವಲ್ಲ. ಈ ಯೋಜನೆಯ ಬೆಲೆ ಇದೊಂದರಿಂದಲೇ ಸಂದಾಯವಾಗುತ್ತದೆ ಎಂಬುದು ನನ್ನ ನಂಬಿಕೆ.

ಚಿತ್ರವಾದರೆ ಸಾಲದು

ಇಷ್ಟಾದ ಮೇಲೂ ಹೇಳಬೇಕಾದ ಮಾತೊಂದಿದೆ. ಸಾರ್ವಜನಿಕ ಹಣ ಯಂತ್ರಕ್ಕೆ ಸುಲಭವಾಗಿ ಸಿಗುತ್ತದೆ, ಓದುವವರಿಗೆ ಸಿಗುವುದಿಲ್ಲ. ದಾಖಲೆ ಉಳಿಯುವುದು ಅದನ್ನು ಓದಬಲ್ಲವರು ಇರುವವರೆಗೆ ಮಾತ್ರ.

1956ರಲ್ಲಿ ಒಂದಾದ ಈ ನಾಡಿನ ದಾಖಲೆಗಳು ಹಲವು ಆಡಳಿತಗಳ ಕೈಬರಹ. ಮುಂಬೈ ಪ್ರಾಂತ್ಯದಲ್ಲಿದ್ದ ಜಿಲ್ಲೆಗಳ ಹಳೆಯ ದಫ್ತರದಲ್ಲಿ ಮೋಡಿ ಲಿಪಿಯ ಮರಾಠಿ ಇದೆ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಭಾಗದಲ್ಲಿ ಉರ್ದು ಇದೆ. ಕನ್ನಡದಲ್ಲೇ ಇರುವ ದಾಖಲೆಯೂ ಇಂದಿನ ಪದವೀಧರರಿಗೆ ಸಲೀಸಲ್ಲ. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಖುಷ್ಕಿ, ತರಿ, ಬಾಗಾಯ್ತು ಎಂದರೆ ಬೆದ್ದಲು, ಗದ್ದೆ, ತೋಟ. ಫಸಲಿ 1384 ಎಂದಿದ್ದರೆ 590 ಕೂಡಿಸಿ 1974 ಎಂದು ಓದಿಕೊಳ್ಳಬೇಕು. ಕೂಡುಬರಹದಲ್ಲಿ ಗೀಚಿದ ಶಾನುಭೋಗರ ಅಕ್ಷರ ಕಣ್ಣಿಗೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಇದನ್ನು ಸರಾಗವಾಗಿ ಓದುತ್ತಿದ್ದ ತಲೆಮಾರು ನಿವೃತ್ತವಾಗಿದೆ, ಹಲವರು ಈಗಿಲ್ಲ.

ಇನ್ನೊಂದು ತೊಡಕು ಸೂಚಿಯದು. ಕಡತವನ್ನು ಸರ್ವೆ ನಂಬರಿನಿಂದ ಮಾತ್ರ ಹುಡುಕುವಂತಿದ್ದರೆ, ನಂಬರು ಗೊತ್ತಿಲ್ಲದವರ ಪಾಲಿಗೆ ಆ ಕಡತ ಇದ್ದೂ ಇಲ್ಲ. ಮರುಮೋಜಣಿಯಲ್ಲಿ ಹಳೆಯ ನಂಬರು ಹೊಸ ನಂಬರಾದ ಊರುಗಳಿವೆ. ಹಿಸ್ಸೆಯಾದ ಜಮೀನುಗಳಿವೆ. ಗ್ರಾಮ, ಹೋಬಳಿ, ಇಸವಿ, ಅರ್ಜಿದಾರರ ಹೆಸರು, ಕಡತದ ವಿಷಯ, ಬರೆದ ಲಿಪಿ, ಇಷ್ಟನ್ನಾದರೂ ಕನ್ನಡದಲ್ಲಿ ಸರಿಯಾಗಿ ನಮೂದಿಸಿದರೆ ಆ ಚಿತ್ರ ರೈತನಿಗೂ ಸಿಗುತ್ತದೆ, ಸಂಶೋಧಕನಿಗೂ ಸಿಗುತ್ತದೆ. ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ ಕೂಲಿ ಕೊಟ್ಟರೆ ವೇಗ ಬರುತ್ತದೆ, ಸೂಚಿ ಕೆಡುತ್ತದೆ. ಸೂಚಿ ಮಾಡುವವರಿಗೆ ತರಬೇತಿ, ಸಮಯ, ಮರ್ಯಾದೆಯ ಸಂಬಳ ಮೂರೂ ಬೇಕು.

ಮೂರನೆಯದು ಮೂಲ ಪ್ರತಿ. ‘ಸ್ಕ್ಯಾನ್ ಆಯಿತಲ್ಲ, ಇನ್ನು ಈ ಕಸ ಯಾಕೆ’ ಎಂಬ ಮಾತು ಕಚೇರಿಗಳಲ್ಲಿ ಕೇಳಿಬರುತ್ತದೆ. ಕಡತಗಳನ್ನು ವರ್ಗ ಮಾಡುವ ಪದ್ಧತಿಯಲ್ಲಿ ‘ಎ’ ವರ್ಗದ್ದು ಶಾಶ್ವತ, ಉಳಿದವಕ್ಕೆ ಅವಧಿ ಉಂಟು, ಅವಧಿ ಮುಗಿದರೆ ನಾಶ. ಆಡಳಿತದ ಕಣ್ಣಿಗೆ ಅವಧಿ ಮುಗಿದದ್ದು ಚರಿತ್ರೆಯ ಕಣ್ಣಿಗೆ ಆಗಷ್ಟೇ ಹಣ್ಣಾಗಿರುತ್ತದೆ. ಕಾಗದ, ಶಾಯಿ, ಮುದ್ರೆ ಅಸಲಿಯೇ ಎಂಬ ತಕರಾರು ಎದ್ದಾಗ ಚಿತ್ರ ಸಾಕಾಗುವುದಿಲ್ಲ. ಆಮ್ಲರಹಿತ ಪೆಟ್ಟಿಗೆ, ಒಣ ಗಾಳಿ, ಕಬ್ಬಿಣದ ರ್‍ಯಾಕು, ವರ್ಷಕ್ಕೆರಡು ಸಲ ಕೀಟನಿಯಂತ್ರಣ ದೊಡ್ಡ ಖರ್ಚಿನ ಬಾಬ್ತುಗಳಲ್ಲ. ಆದರೆ ಅವು ಪ್ರತಿ ವರ್ಷದ ಖರ್ಚು. ಯೋಜನೆ ಮುಗಿದ ದಿನ ನಿಂತುಹೋಗುವ ಹಣದಿಂದ ಅವು ನಡೆಯುವುದಿಲ್ಲ. ಸರ್ವರಿನಲ್ಲಿರುವ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ತಂತ್ರಾಂಶ ಹಳತಾಗುತ್ತದೆ, ಡಿಸ್ಕ್ ಕೆಡುತ್ತದೆ. ಎರಡು ಮೂರು ಬೇರೆ ಬೇರೆ ಜಾಗಗಳಲ್ಲಿ ಪ್ರತಿ ಇಟ್ಟು ಕಾಲಕಾಲಕ್ಕೆ ಪರೀಕ್ಷಿಸುತ್ತಿರಬೇಕು.

ಹಣವೇ ಇಲ್ಲ ಎನ್ನುವಂತಿಲ್ಲ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಹಸ್ತಪ್ರತಿಗಳ ಕೆಲಸಕ್ಕೆ ಇಟ್ಟ ಮೊತ್ತ 3.5 ಕೋಟಿಯಿಂದ 60 ಕೋಟಿ ರೂಪಾಯಿಗೆ ಏರಿತು. ತಾಳೆಗರಿಗೆ ಸಿಕ್ಕ ಈ ಗೌರವ ಸಂತೋಷದ ಸಂಗತಿ. ತಾಲ್ಲೂಕಿನ ಕಾಗದವೂ ಪರಂಪರೆಯೇ ಎಂಬ ತಿಳಿವಳಿಕೆ ಬರುವುದು ಬಾಕಿ ಇದೆ. ಕಂದಾಯ ಇಲಾಖೆಯ ಆಚೆ ನೋಡಿದರೆ ಪುರಸಭೆಗಳ ನಡಾವಳಿ ಪುಸ್ತಕಗಳಿವೆ, ಶಾಲೆಗಳ ದಾಖಲಾತಿ ರಿಜಿಸ್ಟರುಗಳಿವೆ, ಮುಜರಾಯಿ ದೇವಸ್ಥಾನಗಳ ಲೆಕ್ಕಗಳಿವೆ, ಸಹಕಾರ ಸಂಘಗಳ ಲೆಡ್ಜರುಗಳಿವೆ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಸಹಕಾರ ಸಂಘ ಕಟ್ಟಿದ ನಾಡು ಇದು. ಅಂಥ ಸಂಘಗಳ ಲೆಡ್ಜರಿನಲ್ಲಿ ಯಾವ ವರ್ಷ ಬರ ಬಂತು, ಯಾರು ಬೀಜಕ್ಕೆ ಸಾಲ ಮಾಡಿದರು ಎಂಬುದು ಸಾಲುಸಾಲಾಗಿ ಇರುತ್ತದೆ. ಭೂ ಸುರಕ್ಷಾದ ವ್ಯಾಪ್ತಿಗೆ ಇವು ಬರುವುದಿಲ್ಲ.

ಮಾಡಬಹುದಾದದ್ದು

ಪ್ರತಿ ತಾಲ್ಲೂಕಿಗೆ ಹಳೆಯ ದಾಖಲೆ ಓದಬಲ್ಲ ಒಬ್ಬರನ್ನಾದರೂ ಕಾಯಂ ಹುದ್ದೆಯಲ್ಲಿ ನೇಮಿಸಬೇಕು. ಇತಿಹಾಸ ಓದಿದ ಯುವಕ ಯುವತಿಯರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ವಿಶ್ವವಿದ್ಯಾಲಯಗಳು ಮೋಡಿ, ಉರ್ದು ಮತ್ತು ಶಾನುಭೋಗಿ ಬರಹವನ್ನು ಅವರಿಗೆ ಕಲಿಸಲಿ. ಕಲಿಸಬಲ್ಲ ಹಿರಿಯರು ಇನ್ನೂ ಬೆರಳೆಣಿಕೆಯಷ್ಟು ಇರುವಾಗಲೇ ಇದು ಆಗಬೇಕು. ಸ್ಕ್ಯಾನ್ ಮುಗಿದ ಮೂಲ ಕಡತಗಳು ರಾಜ್ಯ ಪತ್ರಾಗಾರ ಇಲಾಖೆಯ ಸಲಹೆಯಿಲ್ಲದೆ ಚೂರುಯಂತ್ರಕ್ಕೆ ಹೋಗಬಾರದು. ಯೋಜನೆಯ ಹಣದಲ್ಲಿ ಒಂದು ಪಾಲನ್ನು ಮುಂದಿನ ವರ್ಷಗಳ ನಿರ್ವಹಣೆಗೆಂದು ಈಗಲೇ ತೆಗೆದಿಡಬೇಕು.

ಓದುಗರಲ್ಲಿ ನನ್ನ ಬೇಡಿಕೆ ಇಷ್ಟು. ಮನೆಯ ಅಟ್ಟದಲ್ಲಿ ಹಳೆಯ ಪತ್ರ, ಕಪ್ಪು ಬಟ್ಟೆಯ ಕಡತ, ತಾತನ ಸಾಗುವಳಿ ಚೀಟಿ ಇದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ, ಅಂಟುಟೇಪು ಹಚ್ಚಬೇಡಿ. ಎರಡೂ ಕಾಗದವನ್ನು ಕೆಡಿಸುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಕಪ್ಪು ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಬಳಪದ ಅಕ್ಷರ ಹೋಗಿಬಿಡುತ್ತದೆ. ಬೆಳಕಿನಲ್ಲಿಟ್ಟು ಚಿತ್ರ ತೆಗೆದುಕೊಳ್ಳಿ, ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಅದನ್ನು ಅವರಿಂದ ಗಟ್ಟಿಯಾಗಿ ಓದಿಸಿ ಬರೆದುಕೊಳ್ಳಿ. ಆಮೇಲೆ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ತಾಲ್ಲೂಕು ಕಚೇರಿಗೆ ಹೋಗಿ, ನಿಮ್ಮ ಊರಿನ ಕಡತಗಳು ಸ್ಕ್ಯಾನ್ ಆಗಿವೆಯೇ, ಮೂಲ ಪ್ರತಿ ಎಲ್ಲಿದೆ ಎಂದು ಕೇಳಿ. ಕೇಳುವವರು ಇದ್ದಾರೆಂದು ಗೊತ್ತಾದರೆ ರುಮಾಲಿನ ಗಂಟು ಬಿಚ್ಚುವವರ ಕೈ ಇನ್ನಷ್ಟು ಜೋಪಾನವಾಗುತ್ತದೆ.